ಬಿಸಿಲಿಗಿಟ್ಟ ಭರಣಿಗಳು

ಕಳೆದ ವಾರ ತಂಗಿಯ ಮಗಳು ಲಿಂಗಸುಗೂರಿನ ನಮ್ಮ ಮನೆಗೆ ಬಂದಾಗ ಅವಳ ಸಾಮಾನಿನಲ್ಲಿ ಒಂದು ವೈನ್ ಬಾಟಲಿ ಇತ್ತು. ಅವಳು ಹಿಮ ಬೀಳುವ ಸೀಮೆಯಲ್ಲಿ ಬೇಸಾಯದ ಓದು ಮುಗಿಸಿ ಬಂದವಳು. ಚಳಿ ತಾಳಲೆಂದು ಕಾಡುಬಳ್ಳಿಯನ್ನೂ ತೋಟದ ಬಳ್ಳಿಯನ್ನೂ ಕೂಡಿಸಿ ಪಡೆದ ಹೈಬ್ರಿಡ್ ದ್ರಾಕ್ಷಿ, ಅಂಥ ಎರಡು ತಳಿಗಳನ್ನು ಬೆರೆಸಿದ ಕೆಂಪು ವೈನ್ ಎಂದು ವಿವರಿಸಿದಳು.

"ನೀವು ಕುಡಿಯಂಗಿಲ್ಲ, ಗೊತ್ತೈತಿ. ವಾಸನಿ ಆದ್ರೂ ನೋಡ್ರಿ."

ಲೋಟವನ್ನು ಮೂಗಿನ ಹತ್ತಿರ ಹಿಡಿದೆ. ನೇರಳೆ ಹಣ್ಣು, ಒದ್ದೆ ಮಣ್ಣು... ಹುಳಿಯ ಘಾಟು ಎಲ್ಲಿಯೂ ಇರಲಿಲ್ಲ. ಎಂದೋ ನಮ್ಮ ಮನೆಯ ಭರಣಿಗಳಲ್ಲಿದ್ದದ್ದೂ ಹೀಗಿರಬೇಕಿತ್ತು ಅನ್ನಿಸಿತು.

ನಾನು ಹರೆಯದವನಿದ್ದಾಗ ನಮ್ಮ ಮನೆ ಮುದಗಲ್ಲಿನಲ್ಲಿತ್ತು; ಪಕ್ಕದ ತಗಡಿನ ಮನೆ ಕಂಪೌಂಡರ್ ಮಾಮನದು. ಚರ್ಚಿನ ದವಾಖಾನೆಯಲ್ಲಿ ಔಷಧ ಬೆರೆಸುವ ಕೆಲಸ. ತಂದೆಯಿಲ್ಲದ ಅವನನ್ನು ಓದಿಸಿ ಆ ಕೆಲಸಕ್ಕೆ ಹಚ್ಚಿದವರು ಅಲ್ಲಿನ ಹಿರಿಯ ಪಾದ್ರಿಗಳು, ಹಿಮದ ಸೀಮೆಯಿಂದ ಬಂದವರು. ತಮ್ಮೂರಿನ ಎರಡು ಬಗೆಯ ಹೈಬ್ರಿಡ್ ಬಳ್ಳಿಗಳನ್ನು ತಂದು ಬಾವಿಯ ಪಕ್ಕ ನೆಟ್ಟಿದ್ದರು. ನಮ್ಮ ಬಿಸಿಲಿಗೆ ಅವು ಎಲೆ ಬಿಡುತ್ತಿದ್ದವು, ಹಣ್ಣು ಬಿಡುತ್ತಿರಲಿಲ್ಲ. ಪಾದ್ರಿಗಳು ಹಾಸಿಗೆ ಹಿಡಿದ ವರ್ಷವೇ ಎರಡೂ ಗೊಂಚಲು ಬಿಟ್ಟವು. ಅವರು ಇನ್ನು ತಮ್ಮೂರನ್ನು ಕಾಣುವಂತಿರಲಿಲ್ಲ. ಊರಿನ ರುಚಿಯನ್ನಾದರೂ ಒಮ್ಮೆ ಅವರ ನಾಲಿಗೆಗೆ ಮುಟ್ಟಿಸಬೇಕೆಂದು ಮಾಮ ಹಟ ಹಿಡಿದ.

ಒಂದರ ರಸ ಕಡುಗಪ್ಪು, ಒಗರು. ಇನ್ನೊಂದರದು ತಿಳಿ, ಸಿಹಿ. ಎರಡು ಭರಣಿಗಳಲ್ಲಿ ಬೇರೆ ಬೇರೆ ಹುದುಗಿಸಿ ಕೊನೆಗೆ ಬೆರೆಸಬೇಕು. ಅಷ್ಟರಲ್ಲಿ ಹೈದರಾಬಾದಿನಲ್ಲಿ ಅವನ ಅಕ್ಕನಿಗೆ ಜಡ್ಡು ಜೋರಾಯಿತು. ಭರಣಿಗಳನ್ನು ನಮ್ಮ ಮನೆಯ ತಣ್ಣನೆಯ ಕಲ್ಲಿನ ಕೋಣೆಗೆ ತಂದಿಟ್ಟು ಅವ್ವನಿಗೆ ಹೇಳಿದ: "ಅಕ್ಕಾರ, ಇವು ನಿಮ್ಮ ಸುಪರ್ದಿ. ಜ್ವಾಕಿರೀ."

"ಇಭೂತಿ ಹಚ್ಚೋ ಮನ್ಯಾಗ ಸೆರೆ ಇಡತೀಯಲ್ಲೋ ತಮ್ಮಾ" ಎಂದು ಅವ್ವ ನಕ್ಕಳು. "ಹೋಗಿ ಬಾ. ನನ್ನ ಕೈಯಾಗ ಎಂದರ ಭರಣಿ ಕೆಟ್ಟದ್ದು ನೋಡೀಯೇನು?"

ನಾನಾಗ ಸಂತೆಕಲ್ಲೂರಿನ ಶಾಲೆಗೆ ಹೊಸ ಮಾಸ್ತರ, ಅಲ್ಲೇ ವಾಸ. ನಡೆದದ್ದು ಆಮೇಲೆ ತಿಳಿಯಿತು. ಮುಚ್ಚಳ ತೆಗೆದಾಗ ಅವ್ವನಿಗೆ ಬಿಳಿ ಕೆನೆ ಕಂಡಿದೆ. ಉಪ್ಪಿನಕಾಯಿಗೆ ಬೂಸ್ಟು ಬಂದರೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಕೆನೆ ತೆಗೆದು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಮಾಳಿಗೆಯ ಬಿಸಿಲಿಗಿಟ್ಟಳು. ಪೂಜೆ ಮುಗಿದೊಡನೆ ಮೇಲಕ್ಕೆ, ದೀಪ ಹಚ್ಚುವ ಮುಂಚೆ ಕೆಳಕ್ಕೆ. ಒಂದು ದಿನವೂ ತಪ್ಪಿಸಲಿಲ್ಲ. ನಮ್ಮ ಮನೆಯ ಶಿಸ್ತೇ ಅಂಥದು.

ಮಾಮ ತಿರುಗಿ ಬಂದ ದಿನ ನಾನು ಊರಲ್ಲಿದ್ದೆ. ಭರಣಿಯ ಮೇಲೆ ಬಾಗಿ ಮೂಸಿದ, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಮತ್ತೆ ಬಟ್ಟೆ ಕಟ್ಟಿದ.

"ದಿನಾ ಬಿಸಿಲಿಗಿಟ್ಟೀನಿ. ಹೆಂಗ ಆಗೇತಿ?" ಅವ್ವ ಕೇಳಿದಳು.

"ನನಗಿಂತ ಛಲೋ ನೋಡೀರಿ ಅಕ್ಕಾರ."

ಮಾಮ ಭರಣಿಗಳನ್ನು ಎತ್ತಿಕೊಂಡಾಗ, ಪಾದ್ರಿಗಳು ಕುಡಿಯುವುದನ್ನು ತಾನೂ ನೋಡಬೇಕೆಂದು ಅವ್ವ ಅವನೊಂದಿಗೆ ಅವರ ಕೋಣೆಗೆ ಹೊರಟಳು. ನಾನೂ ಹೋದೆ. ಮಾಮ ಔಷಧದ ಅಳತೆಯ ಗ್ಲಾಸಿನಲ್ಲಿ ಎರಡನ್ನೂ ಅಳೆದು, ಬೆರೆಸಿ, ಮತ್ತೆ ಅಳೆದ. ಅದರಿಂದ ಏನೂ ಸರಿಯಾಗದೆಂದು ಅವನಿಗೆ ಗೊತ್ತಿತ್ತು. ಪಾದ್ರಿಗಳು ಒಂದು ಗುಟುಕು ಕುಡಿದು ಅವನ ಮುಖ ನೋಡಿದರು. ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ಅವ್ವನನ್ನು ನೋಡಿದರು. ಉಳಿದದ್ದನ್ನು ಒಂದೇ ಸಲಕ್ಕೆ ಕುಡಿದರು.

"ನಮ್ಮ ಊರಿನದೇ" ಎಂದರು.

ಅವ್ವ ಹಿಗ್ಗಿ ಮನೆಗೆ ನಡೆದಳು. ನಾನು ಭರಣಿ ತೊಳೆಯಲು ಎತ್ತಿದಾಗ ಹುಳಿಯ ಘಾಟು ಮೂಗಿಗೆ ಬಡಿಯಿತು; ಬಿಸಿಲು, ಗಾಳಿ ತಾಗಿ ವೈನ್ ಪೂರಾ ಹುಳಿತುಹೋಗಿತ್ತು. ಮಾಮ ಅದನ್ನು ನನ್ನ ಕೈಯಿಂದ ಇಸಿದುಕೊಂಡ. "ಮಾಸ್ತರ, ಅಕ್ಕಾರ ಮುಂದ ಒದರಬ್ಯಾಡ."

ಮಳೆಗಾಲಕ್ಕೆ ಮೊದಲೇ ಪಾದ್ರಿಗಳು ತೀರಿಹೋದರು. ಮುಂದೊಮ್ಮೆ ಬಳ್ಳಿಗಳು ಹಣ್ಣು ಬಿಟ್ಟಾಗ, ಮತ್ತೆ ಮಾಡೆಂದು ಅವ್ವ ಎಷ್ಟು ಹೇಳಿದರೂ ಮಾಮ ಗೊಂಚಲು ಕೊಯ್ಯಲಿಲ್ಲ. "ಇನ್ನ ಯಾರ ಸಲುವಾಗಿ ಮಾಡೂದರೀ..." ಎಂದು ಬೇರೆ ಮಾತು ತೆಗೆದ. ಹಣ್ಣು ಗುಬ್ಬಿಗಳ ಪಾಲಾಯಿತು. ಪಾದ್ರಿಗಳಿಗೆ ತನ್ನ ಕೈಯಿಂದ ಊರಿನ ರುಚಿ ಸಿಕ್ಕಿತೆಂದು ಅವ್ವ ಕೊನೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದಳು. ಮಾಮ ಎದುರಿಗಿದ್ದರೆ ಹೌದೆಂದು ತಲೆಯಾಡಿಸುತ್ತಿದ್ದ.

ಈಗ ಅವನೂ ಇಲ್ಲ. ಅವನು ಬೆರೆಸಬೇಕೆಂದಿದ್ದದ್ದು ಹೇಗಿರುತ್ತಿತ್ತೆಂದು ನನಗೆ ಮೊನ್ನೆ ತಿಳಿಯಿತು. ಹೇಳೋಣವೆಂದರೆ ಮೂವರಲ್ಲಿ ಒಬ್ಬರೂ ಉಳಿದಿಲ್ಲ.

ಬಳಸಿದ ಲೋಟವನ್ನು ಕೂಡಲೇ ತೊಳೆದಿಡುವುದು ನನ್ನ ರೂಢಿ. ಅಂದು ಮಾತ್ರ ಅದನ್ನು ಬೆಳಗಿನವರೆಗೂ ಹಾಗೇ ಇಟ್ಟೆ, ಕಲ್ಲಿನ ಗೂಡಿನಲ್ಲಿ, ಬಿಸಿಲು ತಾಗದಂತೆ.