ತಣ್ಣನೆಯ ಗಾಡಿ, ಬಿಸಿ ಡೈನಮೋ

ಮೊನ್ನೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಅಳಿಯನ ಕಾರಿನ ಬ್ಯಾಟರಿ ತೋರಿಸುತ್ತ ನಿಂತಿದ್ದೆ. ಮೆಕ್ಯಾನಿಕ್ ಬಿರಡೆ ಬಿಚ್ಚಿದ ಕೂಡಲೇ ಆ್ಯಸಿಡ್ಡಿನ ಹುಳಿ ವಾಸನೆ ಮೂಗಿಗೆ ಅಡರಿತು. ಕುಂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತರಿಸಿದ ಚಹಾ ಅರ್ಧಕ್ಕೇ ಇಟ್ಟೆ. ಇದೇ ಸಾಲಿನಲ್ಲಿ ಎಲ್ಲೋ ಇತ್ತು ಉಸ್ತಾದರ ಅಂಗಡಿ…

ನಿಜಾಮರ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದ ಹೊಸತು. ಉಸ್ತಾದರು ಒಬ್ಬ ಜಾಗೀರದಾರರ ಮೋಟಾರುಗಳನ್ನು ನೋಡಿಕೊಂಡಿದ್ದವರು. ಜಾಗೀರು ಹೋಯಿತು, ಮೋಟಾರುಗಳೂ ಹೋದವು. ಇವರು ಯಾದಗಿರಿಗೆ ಬಂದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟರು. ನಾನು ಶಹಾಪುರದಲ್ಲಿ ರಸ್ತೆ ಕೆಲಸದ ಇಂಜಿನಿಯರ್ ಸಾಹೇಬರ ಡ್ರೈವರ್. ಹಂಗಾಮಿ ನೌಕರಿ, ಹೊಸ ಹೆಂಡತಿ.

ಒಮ್ಮೆ ಉಸ್ತಾದರು ಚಾರ್ಜ್ ಮಾಡಿಕೊಟ್ಟ ಬ್ಯಾಟರಿಯನ್ನು ನಾನೇ ಗಾಡಿಗೆ ಕೂಡಿಸಿದೆ. ಮೊದಲು ಅಮೆರಿಕದ ಹಳೆಯ ಮಿಲಿಟರಿ ಲಾರಿ ಓಡಿಸಿದ ಕೈ ನನ್ನದು. ಅದರಲ್ಲಿ ಗಾಡಿಯ ಮೈಗೆ ಹೋಗುವುದು ಮೈನಸ್ ತಂತಿ. ಸಾಹೇಬರ ವಿಲಾಯತಿ ಕಾರಿನಲ್ಲಿ ಪ್ಲಸ್. ನಾನು ಲಾರಿಯ ರೂಢಿಯಲ್ಲೇ ಉಲ್ಟಾ ಹಾಕಿದೆ. ಬ್ಯಾಟರಿಯ ಎರಡು ಕಂಬಗಳಲ್ಲಿ ಪ್ಲಸ್ಸಿನದು ದಪ್ಪ, ಮೈನಸ್ಸಿನದು ಸಣ್ಣ; ತಂತಿಯ ಕ್ಲಾಂಪು ಕೂಡಲಿಲ್ಲ. ಯಾಕೆ ಕೂಡವಲ್ಲದು ಎಂದು ನೋಡುವ ತಾಳ್ಮೆ ನನಗೆಲ್ಲಿ? ಸುತ್ತಿಗೆಯಿಂದ ಬಡಿದೆ. ಸ್ಟಾರ್ಟ್ ಮಾಡಿದರೆ ಸುಟ್ಟ ವಾಸನೆ! ಗಾಬರಿಬಿದ್ದು ತಂತಿ ಅದಲುಬದಲು ಮಾಡಿ ಸುಮ್ಮನಾದೆ.

ಅಂದಿನಿಂದ ದಿನಾ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ದೋರನಹಳ್ಳಿ ಕಡೆ ಹೊರಟ ಕೂಲಿಯವರೇ ಗಾಡಿ ನೂಕಬೇಕು.

"ಏನ್ರಿ ಡ್ರೈವರ್ ಸಾಹೇಬ್ರ, ಗಾಡಿ ನೀವು ಹೊಡ್ಯಾಕತ್ತೀರೋ, ನಾವೋ?" ಎಂದು ನಗುತ್ತಿದ್ದರು.

ಸಾಹೇಬರು ಕೇಳಿದಾಗ, "ಉಸ್ತಾದ್ ಚಾರ್ಜ್ ಸರಿ ಮಾಡಿಲ್ರಿ" ಎಂದೆ. ಕೇಳಿದಷ್ಟು ಸಲ ಅದನ್ನೇ ಹೇಳಿದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಸಾಹೇಬರು ಅವರನ್ನು ಕರೆಸಿದರು. ಉಸ್ತಾದರು ಬೆಳಗಿನ ಬಸ್ಸಿಗೆ ಇನ್ನೊಂದು ಬ್ಯಾಟರಿ ಹೊತ್ತುಕೊಂಡೇ ಬಂದರು. ಅದನ್ನು ಕೂಡಿಸಿ, ಗಾಡಿ ಸ್ಟಾರ್ಟ್ ಮಾಡದೆ, ಗಿಡದ ನೆರಳಿಗೆ ಕೂತು ನಿಧಾನಕ್ಕೆ ಚಹಾ ಕುಡಿದರು. ನನಗೋ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆಮೇಲೆ ಎದ್ದು ಎಂಜಿನ್ ಮೇಲೆ ಅಂಗೈ ಇಟ್ಟರು, ಡೈನಮೋ ಮೇಲೆ ಇಟ್ಟರು.

"ನೋಡು, ಎಂಜಿನ್ ತಣ್ಣಗದ, ಡೈನಮೋ ಬೆಚ್ಚಗದ. ನಿಂತ ಗಾಡ್ಯಾಗ ಕರೆಂಟ್ ಇದೇ ಕುಡ್ಯಾಕತ್ತದ."

ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟ್ ತುಂಬುವುದು ಡೈನಮೋ; ಅದಕ್ಕೂ ಬ್ಯಾಟರಿಗೂ ನಡುವೆ ಕಟೌಟ್ ಎಂಬ ಪುಟ್ಟ ಡಬ್ಬಿ. ಎಂಜಿನ್ ನಿಂತೊಡನೆ ದಾರಿ ಕಡಿಯುವುದು ಅದರ ಕೆಲಸ. ಮುಚ್ಚಳ ತೆಗೆದರೆ ಒಳಗಿನ ಎರಡೂ ತುಟಿ ಸುಟ್ಟು ಅಂಟಿಕೊಂಡಿದ್ದವು. ಬಿಡಿಸಿ, ಉಜ್ಜಿ ಸರಿಮಾಡಿದರು. ಕೊನೆಗೆ ಹಳೆಯ ಬ್ಯಾಟರಿಯ ಕಂಬದ ಮೇಲಿನ ಸುತ್ತಿಗೆ ಗುರುತು ಕಂಡಿತು. ಬೆರಳಾಡಿಸಿ ನನ್ನ ಮುಖ ನೋಡಿದರು.

ಅಷ್ಟರಲ್ಲಿ ಸಾಹೇಬರು ಬಂದರು. "ಕಟೌಟ್ ಅಂಟಿತ್ತು ಸಾಬ್, ರಿಪೇರಿ ಆತು" ಎಂದಷ್ಟೇ ಹೇಳಿ, ಉಸ್ತಾದರು ಜೇಬಿನಿಂದ ಮಡಿಸಿದ ಅರ್ಜಿ ತೆಗೆದರು. ಗುಲಬರ್ಗಾದ ಸರ್ಕಾರಿ ಗ್ಯಾರೇಜಿನಲ್ಲಿ ಕೆಲಸ ಖಾಲಿ ಇತ್ತಂತೆ. ಸಾಹೇಬರು ಎರಡು ಸಾಲು ಶಿಫಾರಸು ಬರೆದರೆ ಸಾಕಿತ್ತು.

"ಇಷ್ಟು ದಿನ ನನ್ನ ಗಾಡಿ ನೂಕಿಸಿದವನು ನೀನು. ನಿನಗೆ ಯಾವ ಬಾಯಲ್ಲಿ ಶಿಫಾರಸು ಮಾಡಲಿ?" ಎಂದು ಸಾಹೇಬರು ಒಳಗೆ ಹೋದರು.

ಕೈಯಲ್ಲಿ ಒರೆಸುವ ಅರಿವೆ ಹಿಡಿದು ನಾನು ನಿಂತೇ ಇದ್ದೆ. ನೌಕರಿ ಹೋದೀತೆಂಬ ಭಯ. ಬಸ್ ಸ್ಟ್ಯಾಂಡಿನವರೆಗೆ ಹಳೆಯ ಬ್ಯಾಟರಿ ನಾನೇ ಹೊತ್ತುಕೊಂಡು ಹೋದೆ. ದಾರಿಯಲ್ಲಿ ತಡೆಯಲಾರದೆ ಕೇಳಿದೆ.

"ಉಸ್ತಾದ್, ನೀವ್ಯಾಕ ಹೇಳಲಿಲ್ರಿ?"

"ನೀ ಹೇಳ್ತಿ ಅಂತ ನಿಂತಿದ್ದೆ, ಬೇಟಾ."

ಸಾಹೇಬರಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುವುದರಲ್ಲೇ ತಿಂಗಳುಗಳು ಹೋದವು. ಕ್ಷಮೆ ಕೇಳೋಣವೆಂದು ಯಾದಗಿರಿಗೆ ಹೋದರೆ ಅಂಗಡಿಗೆ ಬೀಗ. "ಊರು ಬಿಟ್ಟು ಹೋಗ್ಯಾರ" ಎಂದರು ಪಕ್ಕದವರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ನೌಕರಿ ಮಾತ್ರ ಖಾಯಂ ಆಯಿತು… ಈಗ ಅವರು ಬದುಕಿರುವ ವಯಸ್ಸೂ ಅಲ್ಲ.

ಮೊನ್ನೆ ಮೆಕ್ಯಾನಿಕ್ ಬ್ಯಾಟರಿಗೆ ಮೀಟರ್ ಹಿಡಿದು ತಲೆಯಾಡಿಸುತ್ತಿದ್ದ. ನನ್ನ ಬಾಯಿಂದ ತಾನಾಗಿಯೇ ಹೊರಬಿತ್ತು:

"ತಪ್ಪು ನಂದರೀ."

ಅವನು ನಕ್ಕ. "ನಿಮ್ದೇನ್ ತಪ್ಪರಿ ಅಜ್ಜಾರ, ಬ್ಯಾಟರಿಗೆ ವಯಸ್ಸಾಗ್ಯದ."

ನಾನು ಹೂಂ ಅಂದುಬಿಟ್ಟೆ.