ಪರಿಚಯವಿಲ್ಲದ ಅಕ್ಕ

ಅಮೆರಿಕದ ಮಿಲ್ ಕ್ರೀಕ್ ಊರಿನ ಕನ್ನಡದ ಮನೆಗಳಲ್ಲಿ ಕಮರ್ ಜಹಾನರನ್ನು ಅರಿಯದವರೇ ಇರಲಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದವರು. ಗಂಡ ಎಜಾಜ್‌ಗೆ ಪಕ್ಕದ ಎವರೆಟ್‌ನಲ್ಲಿ ಎಂಜಿನಿಯರ್ ಕೆಲಸ. ಭಾನುವಾರ ಬಂತೆಂದರೆ ಕಮರ್ ಜಹಾನ್ ತಮ್ಮ ಗ್ಯಾರೇಜಿನಲ್ಲಿ ಚಾಪೆ ಹಾಸಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಬೇಸರಪಡದೆ ಒತ್ತಕ್ಷರ ತಿದ್ದಿಸುತ್ತಿದ್ದರು. ಅದೇ ಊರಿನ ಕನ್ನಡಿಗ ಲಕ್ಷ್ಮೀಕಾಂತನ ಮಗಳು ಮೈತ್ರಿ ಕನ್ನಡ ಓದಲು ಕಲಿತದ್ದು ಅಲ್ಲೇ.

ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಚುನಾವಣೆಯಲ್ಲಿ ನಿಲ್ಲುವ ಮನಸ್ಸಾದಾಗ ಲಕ್ಷ್ಮೀಕಾಂತ ಮೊದಲು ಬಂದದ್ದು ಇವರ ಅಡುಗೆಮನೆಗೆ.

"ಅಕ್ಕಾ, ಈ ಊರಲ್ಲಿ ನನಗಿಂತ ಜಾಸ್ತಿ ಜನ ಗೊತ್ತಿರೋದು ನಿಮಗೆ. ನೀವು ಜೊತೆಗಿದ್ರೆ ನಿಲ್ತೀನಿ. ಇಲ್ದಿದ್ರೆ ಬೇಡ."

ಕಮರ್ ಜಹಾನ್ ಆ ವರ್ಷವಷ್ಟೇ ಇಲ್ಲಿನ ಪೌರರಾಗಿದ್ದರು. ಮೊದಲ ಮತ ತಮ್ಮನಂಥವನಿಗೇ ಬೀಳುತ್ತದಲ್ಲ ಎಂದು ಹಿಗ್ಗಿದರು. ಬೇಸಿಗೆಯಿಡೀ ತಲೆಗೆ ದುಪಟ್ಟಾ ಬಿಗಿದು, ಮಂಡಿನೋವಿಗೆ ಪಟ್ಟಿ ಕಟ್ಟಿಕೊಂಡು ಮನೆಮನೆ ತಿರುಗಿದರು. ನಾಯಿ ಬೊಗಳಿದ ಮನೆಗೂ ಹೋದರು, ಮುಖಕ್ಕೆ ಬಾಗಿಲು ಬಡಿದ ಮನೆಗೆ ಮತ್ತೊಮ್ಮೆ ಹೋದರು. ಬೆಟ್ಟಿ ಎಂಬ ಒಂಟಿ ಮುದುಕಿ, "ಇವನು ನಂಬಿಗಸ್ತನೇ?" ಎಂದಾಗ, "ನನ್ನ ಒಡಹುಟ್ಟಿದವನ ಹಾಗೆ" ಎಂದರು. ಮೊದಲ ಇಬ್ಬರನ್ನಷ್ಟೇ ಮುಂದಕ್ಕೆ ಬಿಡುವ ಆಗಸ್ಟ್‌ನ ಪ್ರಾಥಮಿಕ ಸುತ್ತಿನಲ್ಲಿ ಲಕ್ಷ್ಮೀಕಾಂತ ಎರಡನೆಯವನಾಗಿ ಉಳಿದುಕೊಂಡ. ಇನ್ನು ನವೆಂಬರ್‌ನಲ್ಲಿ ಇಬ್ಬರದೇ ಪೈಪೋಟಿ.

ಅಕ್ಟೋಬರ್‌ನಲ್ಲಿ ಇಬ್ಬರು ಅಭ್ಯರ್ಥಿಗಳನ್ನೂ ಕೂರಿಸಿ ಒಂದು ಸಭೆ ನಡೆಯಿತು. ಕಮರ್ ಜಹಾನ್ ಮುಂದಿನ ಸಾಲಿನಲ್ಲೇ ಇದ್ದರು. ಹಿಂದಿನಿಂದ ಒಬ್ಬ ಎದ್ದು ಕೇಳಿದ: "ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ನಿಮ್ಮ ಪರವಾಗಿ ನಮ್ಮ ಬೀದಿಯಲ್ಲಿ ಓಡಾಡುತ್ತಾಳಲ್ಲ, ಯಾರವಳು? ಅವಳ ಜನ ನಿಮ್ಮಿಂದ ಏನು ಬಯಸುತ್ತಾರೆ?"

ಲಕ್ಷ್ಮೀಕಾಂತನ ಕಣ್ಣು ಒಮ್ಮೆ ಇವರ ಮೇಲೆ ಹಾದು ಬೇರೆಡೆ ಹೋಯಿತು.

"ಸ್ವಯಂಸೇವಕರು ಎಷ್ಟೋ ಜನ ಬರುತ್ತಾರೆ. ಎಲ್ಲರ ಪರಿಚಯ ನನಗಿರುವುದಿಲ್ಲ," ಎಂದ. ನಕ್ಕು ರಸ್ತೆ, ತೆರಿಗೆಯ ಮಾತಿಗೆ ಹೊರಳಿದ.

ಪಕ್ಕದಲ್ಲಿ ಕೂತಿದ್ದ ಲಕ್ಷ್ಮೀಕಾಂತನ ಹೆಂಡತಿ ಕೌಸಲ್ಯಾ ಕಮರ್ ಜಹಾನರ ಕೈ ಹಿಡಿಯಲು ಬಂದಳು. ಇವರು ಕೈ ಕೊಡಲಿಲ್ಲ.

ಸಭೆ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಲಕ್ಷ್ಮೀಕಾಂತ ಓಡಿಬಂದ. "ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ಕ್ಷಣಕ್ಕೆ ಹಾಗಂದೆ ಅಷ್ಟೇ. ಎಲೆಕ್ಷನ್ ಮುಗಿಯೋವರೆಗೂ ನೀವು ನಮ್ಮವರ ಅಪಾರ್ಟ್‌ಮೆಂಟ್‌ಗಳಲ್ಲಿ ಮಾತ್ರ ಪ್ರಚಾರ ಮಾಡಿ. ಆ ಕಡೆ ಬೀದಿಗಳು ಬೇಡ."

"ಅಂದ್ರೆ ನಾನು ಯಾರ ಕಣ್ಣಿಗೂ ಬೀಳಬಾರದು, ಕೆಲಸ ಮಾತ್ರ ಆಗ್ಬೇಕು?"

ಕಮರ್ ಜಹಾನ್ ಕಾರು ಹತ್ತಿದರು.

ಮೂರು ರಾತ್ರಿ ಅವರ ನಿದ್ದೆ ಕೆಟ್ಟಿತು. ಅವನು ತಮ್ಮನ್ನು ಅಲ್ಲಗಳೆದದ್ದಕ್ಕಿಂತ, ತಾವು ಅಷ್ಟೊಂದು ಹೊಸ್ತಿಲುಗಳಲ್ಲಿ ನಿಂತು ಅವನಿಗಾಗಿ ಕೊಟ್ಟ ಮಾತು ಅವರನ್ನು ಹೆಚ್ಚು ಚುಚ್ಚುತ್ತಿತ್ತು. ಕೊನೆಗೆ ಬೆಟ್ಟಿಯ ಬಾಗಿಲು ತಟ್ಟಿದರು.

"ನಾನು ಲಕ್ಷ್ಮೀಕಾಂತನನ್ನು ಒಡಹುಟ್ಟಿದವನ ಹಾಗೆ ಅಂದಿದ್ದೆ. ಅದು ಸುಳ್ಳಾಯಿತು. ಅವನ ಯೋಜನೆಗಳು ಒಳ್ಳೆಯವೇ. ನೀವು ನಿಮ್ಮ ಬುದ್ಧಿಗೆ ತೋಚಿದಂತೆ ಮತ ಹಾಕಿ, ನನ್ನ ಮಾತು ನಂಬಿ ಬೇಡ."

ಮುದುಕಿ ಒಳಗೆ ಕರೆದು ಕೂರಿಸಿದಳು. ಅಂದು ಕಮರ್ ಜಹಾನ್ ತಾವು ಮಾತು ಕೊಟ್ಟಿದ್ದ ಇನ್ನೂ ಹಲವು ಮನೆಗಳಿಗೆ ಹೋಗಿ ಅದನ್ನೇ ಹೇಳಿದರು.

ಲಕ್ಷ್ಮೀಕಾಂತ ಗೆದ್ದ. ವಾರ ಕಳೆದು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದ. ಮನೆಗೆ ಬಂದವನನ್ನು ಕೂರಿಸಿ ಟೀ ಕೊಟ್ಟರು.

"ನಿಮ್ಮಿಂದಲೇ ಗೆದ್ದೆ ಅಕ್ಕಾ. ವೋಟು ನನಗೇ ಹಾಕಿದ್ರಿ ತಾನೆ?"

"ಇಲ್ಲ. ಬೇರೆಯವರಿಗೂ ಹಾಕ್ಲಿಲ್ಲ. ಬ್ಯಾಲೆಟ್‌ನಲ್ಲಿ ಆ ಜಾಗ ಖಾಲಿ ಬಿಟ್ಟೆ."

"ಕೋಪ ಇನ್ನೂ ಹೋಗಿಲ್ವಾ?"

"ಕೋಪ ಹೋಗತ್ತೆ ಲಕ್ಷ್ಮೀಕಾಂತ್. ನಿಮ್ಮ ಮೇಲಿನ ನಂಬಿಕೆ ಹೋಯ್ತು, ಅದಕ್ಕೇನು ಮಾಡೋದು?"

ಅವನು ಟೀ ಅರ್ಧಕ್ಕೇ ಬಿಟ್ಟು ಎದ್ದ. ಮುಂದಿನ ಭಾನುವಾರದಿಂದ ಮೈತ್ರಿ ಪಾಠಕ್ಕೆ ಬರಲಿಲ್ಲ. ಅದು ಮಾತ್ರ ಕಮರ್ ಜಹಾನರನ್ನು ಸಭೆಯಲ್ಲಿ ಆದದ್ದಕ್ಕಿಂತ ಹೆಚ್ಚು ನೋಯಿಸಿತು.