ಏರಿಯ ಮೇಲಿನ ಹುತ್ತ

ಹಸಿ ಹಾಲಿಗೆ ಅರಿಶಿನ ಬಿದ್ದ ವಾಸನೆ ಎಲ್ಲಿ ಬಂದರೂ ನನಗೆ ಮೊದಲು ನೆನಪಾಗುವುದು ದೇವರಲ್ಲ, ಒಂದು ಹಿತ್ತಾಳೆ ಲೋಟ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನಾಗಬೇಕು ಹೇಳಿ. ಆಗ ಮೈಸೂರು ಇಷ್ಟು ಅಗಲವಾಗಿರಲಿಲ್ಲ. ಊರು ಮುಗಿದ ಮೇಲೂ ಹೂಟಗಳ್ಳಿ ದಾರಿಯಲ್ಲಿ ಜಟಕಾ ಸುಮಾರು ಹೊತ್ತು ಓಡಿದರೆ ನಮ್ಮ ಹೆಂಚಿನ ಮನೆ, ಮನೆಯ ಹಿಂದೆ ನಮ್ಮದೇ ಕಟ್ಟೆ. ಜವಳಿ ವ್ಯಾಪಾರ ಮಾಡುತ್ತಿದ್ದ ತಾತ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಅವರಿರಲಿಲ್ಲ. ಅಜ್ಜಿ ಇದ್ದಳು, ಏರಿ ನೋಡಿಕೊಳ್ಳುವ ಚೌರಪ್ಪ ಇದ್ದ.

ಚೌರಪ್ಪ ಕ್ಯಾಥೊಲಿಕ್ ಕ್ರೈಸ್ತ. ಭಾನುವಾರ ಕೋಟು ತೊಟ್ಟು ಹೆಂಡತಿ ಮಕ್ಕಳೊಂದಿಗೆ ಊರಿನ ಚರ್ಚಿಗೆ ನಡೆದುಹೋಗುವನು. ಮಿಕ್ಕ ದಿನವೆಲ್ಲ ಅವನ ಭಕ್ತಿ ಏರಿಯ ಮೇಲೆಯೇ. ಏರಿಯ ಬುಡದಲ್ಲಿ ಒಂದು ಕಡೆ ಸದಾ ನೀರು ಜಿನುಗುತ್ತಿತ್ತು. "ಏರಿ ಬೆವರಿದ್ರೆ ಚಿಂತೆ ಇಲ್ಲ ಕಣೋ, ನೀರಿನ ಜೊತೆ ಮಣ್ಣು ಬಂದ್ರೆ ಓಡಿ ಬಾ" ಎಂದು ತಾತ ಅವನಿಗೆ ಹೇಳಿಟ್ಟಿದ್ದರು. ಅದಕ್ಕೇ ಅವನು ದಿನಾ ಬೆಳಿಗ್ಗೆ ಲೋಟದಲ್ಲಿ ಆ ನೀರು ಹಿಡಿದು, ಬಿಸಿಲಿಗೆ ವಾಲಿಸಿ ನೋಡಿ, ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಒಂದೇ ಮಾತು ಹೇಳುವನು: "ತಿಳಿಯಾಗೈತೆ ಅಮ್ಮಾವ್ರೆ." ಅಜ್ಜಿ ಹೂಂ ಎಂದ ಮೇಲೆಯೇ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಲೋಟ ಹೊತ್ತು ಅವನ ಹಿಂದೆ ಅಲೆಯುವ ಕೆಲಸ ನನ್ನದು. ನನಗಾಗ ಎಂಟು ವರ್ಷ, ಲಂಗದ ಅಂಚಿಗೆ ಯಾವಾಗಲೂ ಕೆಸರು.

ಏರಿಯ ಮೇಲೊಂದು ಹುತ್ತವಿತ್ತು, ನನಗಿಂತ ಎತ್ತರ. ಮೂರು ಕೂಸುಗಳನ್ನು ಮಣ್ಣಿಗಿಟ್ಟ ಅಜ್ಜಿ ಆ ಹುತ್ತಕ್ಕೆ ಹರಕೆ ಹೊತ್ತ ಮೇಲೆ ನನ್ನ ಅಪ್ಪ ಹುಟ್ಟಿ ಉಳಿದದ್ದು. ಅದನ್ನು ಮುಟ್ಟುವ ಧೈರ್ಯ ತಾತನಿಗೂ ಬರಲಿಲ್ಲ. ಪ್ರತಿ ನಾಗರಪಂಚಮಿಗೆ ಅಜ್ಜಿ, ಅಮ್ಮ, ಆಳುಗಳ ಮನೆಯ ಹೆಂಗಸರು ಎಲ್ಲ ಸೇರಿ ತನಿ ಎರೆಯುತ್ತಿದ್ದರು. ಹಾಲು, ಅರಿಶಿನದ ನೀರು, ಬಿಂದಿಗೆಗಟ್ಟಲೆ. ಅಷ್ಟೂ ಹುತ್ತದ ಬಾಯಲ್ಲಿ ಗುಳುಗುಳು ಇಳಿದುಹೋಗುವಾಗ "ನಾಗಪ್ಪನಿಗೆ ಬಲು ಬಾಯಾರಿಕೆ" ಎಂದು ಅಜ್ಜಿ ಹಿಗ್ಗುವಳು. ಆ ಹೊತ್ತಿಗೆ ಚೌರಪ್ಪ ಮರ್ಯಾದೆಗೆ ದೂರ ಹೋಗಿ ಏರಿಯ ಕೆಳಗೆ ನಿಂತಿರುತ್ತಿದ್ದ.

ಆ ವರ್ಷ ಮಳೆ ಚೆನ್ನಾಗಿ ಹೊಯ್ದು ಕಟ್ಟೆ ಕಂಠಮಟ್ಟ ತುಂಬಿತ್ತು. ಮೇಲೆ ಪೂಜೆ ಮುಗಿಯುತ್ತಿದ್ದಾಗ ನಾನು ಕೆಳಗೆ ಓಡಿಹೋಗಿ ಆಟಕ್ಕೆಂದು ಲೋಟ ಒಡ್ಡಿದೆ. ನೀರು ಹಳದಿಯಾಗಿ ಬಂತು. ಮೂಸಿದರೆ ಅರಿಶಿನ, ಹಾಲು. "ಅಜ್ಜೀ, ನಾಗಪ್ಪ ಪ್ರಸಾದ ಕಳ್ಸವ್ನೆ!" ಎಂದು ಕೂಗಿಬಿಟ್ಟೆ. "ಸುಮ್ಕಿರವ್ವ" ಎಂದು ಚೌರಪ್ಪ ಲೋಟ ಕಸಿಯಲು ಬಂದ.

ಅಜ್ಜಿ ಸೊಂಟ ಹಿಡಿದುಕೊಂಡು ಇಳಿದು ಬಂದಳು. ಲೋಟ ನೋಡಿದಳು, ಮೂಸಿದಳು, ಮೇಲೆ ಹುತ್ತ ನೋಡಿದಳು. ಕೊನೆಗೆ ಏರಿಯ ಕೆಳಗಿದ್ದ ಚೌರಪ್ಪನ ಮನೆ ನೋಡಿದಳು. ಅಲ್ಲಿ ಅವನ ಕಿರಿ ಮಗು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ಹುತ್ತದ ತೂತು ಏರಿಯ ಹೊಟ್ಟೆ ಕೊರೆದು ಬುಡದವರೆಗೂ ಬಂದಿದೆಯೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ನಿನಗೆ ಮೊದ್ಲೇ ಗೊತ್ತಿತ್ತೇನಪ್ಪ?"

"ಎರಡು ವರ್ಷದಿಂದ ಅನುಮಾನ ಅಮ್ಮಾವ್ರೆ."

"ಏರಿ ಒಡೆದ್ರೆ ಮೊದ್ಲು ಹೋಗೋದು ನಿನ್ನ ಮನೇನೇ ಅಲ್ವೇನೋ? ಬಾಯಿಬಿಟ್ಟು ಹೇಳೋದಲ್ವಾ?"

"ಎಂಗೆ ಹೇಳ್ಲಿ? ನಾನು ಕಿರಿಸ್ತಾನದೋನು. ನಿಮ್ಮ ದೇವ್ರನ್ನ ಅಗೀರಿ ಅಂತ ನನ್ನ ಬಾಯಲ್ಲಿ ಬರಬಹುದಾ?"

ಅಜ್ಜಿ ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಅಳುತ್ತಲೇ ಎಲ್ಲರನ್ನೂ ಗದರಿದಳು. ಚೌರಪ್ಪನ ಹೆಂಡತಿ ಮಕ್ಕಳನ್ನು ಆಗಲೇ ಕರೆಸಿ ನಮ್ಮ ನಡುಮನೆಯಲ್ಲಿ ಇರಿಸಿದಳು. ಮಡಿ ಎಂದು ಗೊಣಗಿದ ಅಮ್ಮನಿಗೆ "ಸುಮ್ನೆ ಚಾಪೆ ಹಾಸು" ಎಂದಳು, ಅಷ್ಟೆ. ತೂಬು ಎತ್ತಿ ನೀರು ಬಿಟ್ಟರು. ನೀರು ತಗ್ಗಿದ ದಿನ ಅಜ್ಜಿ ಹುತ್ತದ ಮಣ್ಣು ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡು, ದೂರದ ಹೊಂಗೆ ಮರದ ಬುಡದಲ್ಲಿಟ್ಟು ಕೈಮುಗಿದಳು. ವಾಪಸು ಬಂದು ಚೌರಪ್ಪನ ಕೈಯಿಂದ ಹಾರೆ ತೆಗೆದುಕೊಂಡಳು. "ಮೊದಲನೇ ಏಟು ನಂದಿರ್ಲಿ. ಪಾಪ ಬಂದ್ರೆ ನನಗೆ ಬರ್ಲಿ, ನಿನಗೆ ಬೇಡ."

ಒಳಗೆ ನನ್ನ ತೋಳು ಹೆಗಲತನಕ ಹೋಗುವಷ್ಟು ಪೊಳ್ಳು. ಬುಡದವರೆಗೂ ಅಗೆದು, ಜೇಡಿಮಣ್ಣು ಪದರ ಪದರವಾಗಿ ತುಂಬಿ ದಮ್ಮಸು ಹೊಡೆದರು. ಹಾವು ಮಾತ್ರ ಕಾಣಲಿಲ್ಲ. ಅಜ್ಜಿ ಅದಕ್ಕೆ ನಿರಾಳವಾದಳೋ ನೊಂದಳೋ ನನಗೆ ಇಂದಿಗೂ ತಿಳಿಯದು. ಮುಂದಿನ ಪಂಚಮಿಗೆ ಹೊಂಗೆ ಮರದಡಿ ತನಿ ಎರೆದೆವು. ಚೌರಪ್ಪ ದೂರ ಹೋಗಿ ನಿಂತಾಗ ಅಜ್ಜಿ "ಬಾರೋ ಇಲ್ಲಿ, ಬಿಂದಿಗೆ ಹಿಡ್ಕೋ" ಎಂದು ಕರೆದಳು.

ಈಗ ಅಲ್ಲಿ ಹಳ್ಳವೂ ಇಲ್ಲ, ಏರಿಯೂ ಇಲ್ಲ, ಎಲ್ಲ ಮನೆಗಳಾಗಿವೆ. ಆ ಬೀದಿಯಲ್ಲಿ ನಿಂತು ನಮ್ಮ ಹಿತ್ತಿಲು ಎಲ್ಲಿತ್ತೆಂದು ಹುಡುಕಿ ಸೋತು ಬಂದಿದ್ದೇನೆ. ನಿಮಗೂ ಅಂಥದೊಂದು ಜಾಗ ಇದ್ದೀತು. ಏರಿ ಇನ್ನೂ ಇದ್ದ ಕಾಲದಲ್ಲೇ, ಹುತ್ತ ಅಗೆದ ಎಷ್ಟೋ ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಳು. ಅವಳಿಗೆ ವಿಭೂತಿ ಬಳಿದು ಪಡಸಾಲೆಯಲ್ಲಿ ಕೂರಿಸಿದ್ದರು. ಮನೆ ತುಂಬ ಜನ, ಅಳು. ಎಂದೂ ಹಿತ್ತಿಲ ಬಾಗಿಲು ದಾಟದ ಚೌರಪ್ಪ ಅಂದು ನೇರವಾಗಿ ಒಳಗೆ ಬಂದ. ಮುದುಕನಾಗಿದ್ದ. ಕೈಯಲ್ಲಿ ಅದೇ ಲೋಟ, ಅದರಲ್ಲಿ ಏರಿಯ ಬುಡದ ನೀರು. ಯಾರನ್ನೂ ನೋಡದೆ ಅವಳ ಮುಂದೆ ಕೂತು, ಲೋಟವನ್ನು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ.

"ತಿಳಿಯಾಗೈತೆ ಅಮ್ಮಾವ್ರೆ" ಎಂದ. ಆಮೇಲೆ, ಅವಳು ಹೂಂ ಅನ್ನುವಳೆಂಬಂತೆ, ಸ್ವಲ್ಪ ಹೊತ್ತು ಕಾದ.